ಕೆಲಸ ಬಿಟ್ಟ ಮೇಲೆ ಅಪ್ಪ ಕುಗ್ಗುತ್ತಿದ್ದಾರೆ: ನಿವೃತ್ತಿಯಿಂದ ನಿಜವಾಗಿಯೂ ಆರೋಗ್ಯ ಕೆಡುತ್ತದೆಯೇ?

ಹಿರಿಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ನಿವೃತ್ತರಾಗಿ ವರ್ಷ ತುಂಬುತ್ತಾ ಬಂತು. ಒಂದು ದೊಡ್ಡ ಕಚೇರಿಯ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಮೊದಲ ಕೆಲವು ತಿಂಗಳು ಅವರ ಹುರುಪು ನೋಡುವಂತಿತ್ತು. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದರು, ವರ್ಷಗಟ್ಟಲೆ ಬಾಕಿ ಬಿದ್ದಿದ್ದ ಕಾಗದಪತ್ರಗಳನ್ನು ಸರಿಪಡಿಸಿದರು, ನೆಂಟರಿಷ್ಟರ ಮನೆಗಳಿಗೆ ಹೋಗಿಬಂದರು. ಆಮೇಲೆ ಒಂದೊಂದಾಗಿ ಎಲ್ಲವೂ ನಿಂತುಹೋಯಿತು.

ಈಗ ಬೆಳಗಿನಿಂದ ಟಿವಿಯ ಮುಂದೆ ಕುಳಿತಿರುತ್ತಾರೆ. ಮಧ್ಯಾಹ್ನ ಮಲಗಿ, ರಾತ್ರಿ ಎಚ್ಚರವಿರುತ್ತಾರೆ. ಪ್ರತಿದಿನ ತಪ್ಪದೆ ಕ್ಷೌರ ಮಾಡಿಕೊಳ್ಳುತ್ತಿದ್ದವರು ಈಗ ಯಾರಾದರೂ ಬರುತ್ತಾರೆಂದರೆ ಮಾತ್ರ ಮಾಡಿಕೊಳ್ಳುತ್ತಾರೆ. ಬಿಪಿಗೆ ಮಾತ್ರೆ ಇದೆ, ಸಕ್ಕರೆ ಕಾಯಿಲೆ ಇಲ್ಲ. ಅಮ್ಮನಿಗೂ ಅವರಿಗೂ ಸಣ್ಣಪುಟ್ಟ ವಿಷಯಕ್ಕೆಲ್ಲ ಮಾತಿಗೆ ಮಾತು ಬೆಳೆಯುತ್ತದೆ. ಬಂಧುಗಳೊಬ್ಬರು ನಮ್ಮೆದುರೇ, ‘ಕೆಲಸ ಬಿಟ್ಟವರು ಬಹಳ ದಿನ ಉಳಿಯುವುದಿಲ್ಲ’ ಎಂದುಬಿಟ್ಟರು. ಆ ಮಾತು ನನ್ನನ್ನು ಕೊರೆಯುತ್ತಿದೆ. ಇದರಲ್ಲಿ ಸತ್ಯವೆಷ್ಟು? ಮನೆಯವರು ಏನು ಮಾಡಬಹುದು? ಅನುಭವ ಇರುವವರು, ತಿಳಿದವರು ದಯವಿಟ್ಟು ಹೇಳಿ.

ಅಂಕಿಅಂಶ:

ಹಿರಿಮಗಳು ಅವರೇ, ಆ ಬಂಧುಗಳ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಆರೋಗ್ಯ ಸಮೀಕ್ಷೆಗಳ ವಿಶ್ಲೇಷಣೆ ನನ್ನ ವೃತ್ತಿ. ಈ ಪ್ರಶ್ನೆಯನ್ನು ಬಹಳ ಕಾಲದಿಂದ ಗಮನಿಸುತ್ತಾ ಬಂದಿದ್ದೇನೆ.

ಬೇಗ ನಿವೃತ್ತರಾದವರಲ್ಲಿ ಸಾವು ಹೆಚ್ಚು ಎಂಬುದು ಮೇಲ್ನೋಟದ ಅಂಕಿಗಳಲ್ಲಿ ಕಾಣುತ್ತದೆ, ನಿಜ. ಆದರೆ ಅವರಲ್ಲಿ ಎಷ್ಟೋ ಜನ ಕೆಲಸ ಬಿಟ್ಟದ್ದೇ ಮೈಯಲ್ಲಿ ಆಗುವುದಿಲ್ಲವೆಂದು. ಹೃದಯದ ತೊಂದರೆಯಿಂದ 55ಕ್ಕೆ ಮನೆ ಸೇರಿದವರು 60ಕ್ಕೆ ತೀರಿಕೊಂಡರೆ ಅದಕ್ಕೆ ನಿವೃತ್ತಿಯನ್ನು ದೂರುವುದು ಹೇಗೆ? ಗಟ್ಟಿಮುಟ್ಟಾದವರು ಕೆಲಸದಲ್ಲಿ ಉಳಿಯುತ್ತಾರೆ, ಸೊರಗಿದವರು ಹೊರಬೀಳುತ್ತಾರೆ. ಈ ಎರಡು ಗುಂಪುಗಳನ್ನು ಪಕ್ಕಪಕ್ಕ ಇಟ್ಟು ತೂಗಿದರೆ ಉತ್ತರ ತಪ್ಪಾಗಿಯೇ ಬರುತ್ತದೆ. ಒಬ್ಬರೇ ವ್ಯಕ್ತಿಯನ್ನು ಕೆಲಸದಲ್ಲಿದ್ದಾಗಿನಿಂದ ನಿವೃತ್ತಿಯ ನಂತರದವರೆಗೂ ವರ್ಷ ವರ್ಷವೂ ಕೇಳುತ್ತಾ ಹೋಗಬೇಕು.

ಫ್ರಾನ್ಸಿನಲ್ಲಿ ಹಾಗೆ ಮಾಡಿದ್ದಾರೆ. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಮತ್ತು ಅನಿಲ ಸಂಸ್ಥೆಯ ಸುಮಾರು 20,000 ನೌಕರರನ್ನು 1989ರಿಂದ ಹಿಂಬಾಲಿಸಿದ ‘ಗಜೆಲ್’ ಅಧ್ಯಯನ ಅದು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿವೃತ್ತಿಗೆ ಹಿಂದಿನ ವರ್ಷ 19.2% ಜನ ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದಿದ್ದರು. ನಿವೃತ್ತಿಯ ಮರುವರ್ಷ ಹಾಗೆಂದವರು 14.3%. ಈ ಸುಧಾರಣೆ ಮುಂದಿನ ಏಳು ವರ್ಷವೂ ಉಳಿದುಕೊಂಡಿತು. ಅದೇ ಜನರಲ್ಲಿ ದಣಿವು ಮತ್ತು ಖಿನ್ನತೆಯ ಲಕ್ಷಣಗಳೂ ಇಳಿದವು. ಆದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳಂತಹ ದೀರ್ಘಕಾಲದ ಕಾಯಿಲೆಗಳ ದಾರಿ ಮಾತ್ರ ನಿವೃತ್ತಿಯಿಂದ ಬದಲಾಗಲಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಅಮೆರಿಕದಲ್ಲಿ ಸರ್ಕಾರಿ ಪಿಂಚಣಿಯನ್ನು 62ರಿಂದ ಪಡೆಯಬಹುದು. ಪುರುಷರ ಸಾವಿನ ಪ್ರಮಾಣ ಸರಿಯಾಗಿ ಆ ವಯಸ್ಸಿನಲ್ಲೇ ಸುಮಾರು 2% ಏರುತ್ತದೆ ಎಂದು 2018ರ ಒಂದು ಸಂಶೋಧನೆ ತೋರಿಸಿತು. ಅದೇ ದೇಶದ 2012ರ ಇನ್ನೊಂದು ವಿಶ್ಲೇಷಣೆಯಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾಧ್ಯತೆ ನಿವೃತ್ತರಲ್ಲಿ ಸುಮಾರು 40% ಹೆಚ್ಚಿತ್ತು, ಅದೂ ಮುಖ್ಯವಾಗಿ ಮೊದಲ ವರ್ಷದಲ್ಲಿ. ನಿವೃತ್ತಿ ವಿಷವೋ ಔಷಧವೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಆದರೆ ಮೊದಲ ವರ್ಷವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಿಮ್ಮ ತಂದೆಯವರು ಆ ವರ್ಷದಲ್ಲೇ ಇದ್ದಾರೆ. ಕೊನೆಯ ಬಾರಿ ಹೃದಯ ತಪಾಸಣೆ ಮಾಡಿಸಿದ್ದು ಯಾವಾಗ?

ಪಾಳಿಗಾರ:

ಕೆಲಸವೇ ಆರೋಗ್ಯ ಎಂದು ಹೇಳುವವರು ಹೆಚ್ಚಾಗಿ ಕುರ್ಚಿಯಲ್ಲಿ ಕುಳಿತು ದುಡಿದವರು. ನಾನು ಎರಕದ ಕಾರ್ಖಾನೆಯಲ್ಲಿ ಮೂರು ಪಾಳಿಯಲ್ಲಿ ದುಡಿದವನು. ಒಂದು ವಾರ ಹಗಲು, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ದೇಹ ಒಂದು ಹೊತ್ತಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಹೊತ್ತೇ ಬದಲಾಗಿರುತ್ತಿತ್ತು. ಹಗಲಿನಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದೆ. ಮಕ್ಕಳು ಮನೆಯಲ್ಲಿ ಪಿಸುಮಾತಿನಲ್ಲೇ ಬೆಳೆದರು.

ನಿವೃತ್ತಿಯಾದ ಮೇಲೆ ನನ್ನ ಹೊಟ್ಟೆಯ ಉರಿ ಹೋಯಿತು, ನಿದ್ದೆ ಮರಳಿತು, ಬಿಪಿ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಇಳಿಸಿದರು. ಮಂಡಿ ಮಾತ್ರ ಹೋದದ್ದು ಹೋದದ್ದೇ. ನನ್ನ ಜೊತೆಯವರಲ್ಲಿ ಕೆಲವರಿಗೆ ಈ ದಿನಗಳನ್ನು ನೋಡುವ ಭಾಗ್ಯ ಸಿಗಲಿಲ್ಲ. ನಿವೃತ್ತಿಯ ವಯಸ್ಸನ್ನು ಏರಿಸಬೇಕು, ದುಡಿಯುತ್ತಿದ್ದರೆ ಚುರುಕಾಗಿರುತ್ತಾರೆ ಎಂದು ಯಾರಾದರೂ ಬರೆದರೆ ನನಗೆ ಸಂಕಟವಾಗುತ್ತದೆ. ಭಾರ ಎತ್ತುವವರಿಗೂ ಕಡತ ತಿರುವುವವರಿಗೂ ಒಂದೇ ವಯಸ್ಸು, ಒಂದೇ ನಿಯಮ ಎಂದರೆ ಅದು ನ್ಯಾಯವಲ್ಲ. 60 ವರ್ಷವೆಂದರೆ ಎಲ್ಲರ ದೇಹದಲ್ಲೂ ಅಷ್ಟೇ ಉಳಿದಿರುವುದಿಲ್ಲ.

ಮಗಳೇ, ನಿಮ್ಮ ತಂದೆಯವರ ವಿಷಯ ಬೇರೆ ಎಂದು ನನಗೆ ತಿಳಿಯುತ್ತದೆ. ಅವರಿಗೆ ಕೆಲಸ ಇಷ್ಟವಿತ್ತು ಅನ್ನಿಸುತ್ತದೆ.

ಅಂಕಿಅಂಶ:

ಪಾಳಿಗಾರ ಅವರೇ, ನೀವು ಬರೆದದ್ದು ಅಂಕಿಗಳಲ್ಲೂ ಹಾಗೆಯೇ ಇದೆ. ಗಜೆಲ್ ಅಧ್ಯಯನದಲ್ಲಿ ಅತಿ ಹೆಚ್ಚು ಚೇತರಿಸಿಕೊಂಡವರು ಕೆಟ್ಟ ವಾತಾವರಣದಲ್ಲಿ, ಹೆಚ್ಚಿನ ಒತ್ತಡದಲ್ಲಿ ದುಡಿದವರು. ಮೇಲಿನ ಹುದ್ದೆ, ಕಡಿಮೆ ಒತ್ತಡ, ಕೆಲಸದಲ್ಲಿ ತೃಪ್ತಿ ಈ ಮೂರೂ ಇದ್ದವರಿಗೆ ನಿವೃತ್ತಿಯಿಂದ ಹಾಗೆ ಏನೂ ಸಿಗಲಿಲ್ಲ. ನಿದ್ದೆಯ ವಿಷಯದಲ್ಲಿ ಫಿನ್ಲೆಂಡಿನ ಸಾರ್ವಜನಿಕ ವಲಯದ ನೌಕರರ ಅಧ್ಯಯನವಿದೆ. ನಿವೃತ್ತಿಯಾದ ಮೇಲೆ ಅವರ ನಿದ್ದೆ ರಾತ್ರಿಗೆ ಸರಾಸರಿ 22 ನಿಮಿಷ ಹೆಚ್ಚಿತು. ವಾರಕ್ಕೆ ಲೆಕ್ಕ ಹಾಕಿದರೆ ಎರಡೂವರೆ ಗಂಟೆ. ಸಣ್ಣದಲ್ಲ.

ಕಪ್ಪುಹಲಗೆ:

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಪಾಳಿಗಾರ ಅಣ್ಣನವರ ಮಾತನ್ನು ಒಪ್ಪುತ್ತಲೇ ಹಿರಿಮಗಳ ಪ್ರಶ್ನೆಯ ಹತ್ತಿರ ಬರುತ್ತೇನೆ.

ಕೆಲಸ ನಮ್ಮಿಂದ ಏನು ಕಿತ್ತುಕೊಳ್ಳುತ್ತದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಏನು ಕೊಡುತ್ತಿತ್ತು ಎಂಬುದು ಬಿಟ್ಟ ಮೇಲೆಯೇ ತಿಳಿಯುವುದು. ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ ಇದನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಸಂಬಳವನ್ನು ಬದಿಗಿಟ್ಟರೂ ಕೆಲಸದಿಂದ ಐದು ಸಂಗತಿಗಳು ಸಿಗುತ್ತವೆ: ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ಜನರ ಒಡನಾಟ, ಹತ್ತು ಜನರ ಜೊತೆ ಸೇರಿ ಒಂದು ಗುರಿಗೆ ದುಡಿಯುವ ಭಾವ, ಸಮಾಜದಲ್ಲಿ ಒಂದು ಸ್ಥಾನ, ಮತ್ತು ಕೈಕಾಲಿಗೆ ಕಡ್ಡಾಯದ ಚಟುವಟಿಕೆ.

ಯಹೋಡಾ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿಗೆ ಹೋಗಿದ್ದರು. ಅಲ್ಲಿದ್ದ ಒಂದೇ ಜವಳಿ ಕಾರ್ಖಾನೆ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾಗಿತ್ತು. ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅವರು ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು. ಅನೇಕರು ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಹೆಂಗಸರ ನಡಿಗೆ ಅಷ್ಟು ನಿಧಾನವಾಗಿರಲಿಲ್ಲ, ಏಕೆಂದರೆ ಮನೆಗೆಲಸ ಅವರನ್ನು ಕಾಯುತ್ತಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಗ್ರಂಥಾಲಯದ ವಿಷಯ. ಜನರ ಬಳಿ ದಿನವಿಡೀ ಸಮಯವಿತ್ತು, ಆದರೂ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ‘ಸಮಯ ಸಿಕ್ಕರೆ ಓದುತ್ತೇನೆ’ ಎಂದು ನಾವೆಲ್ಲ ಹೇಳುತ್ತೇವಲ್ಲ, ಸಮಯವೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ.

ನಿರುದ್ಯೋಗ ಬೇರೆ, ನಿವೃತ್ತಿ ಬೇರೆ. ನಿವೃತ್ತಿಯಲ್ಲಿ ಮರ್ಯಾದೆ ಇದೆ, ಪಿಂಚಣಿ ಇದ್ದವರಿಗೆ ಧೈರ್ಯವೂ ಇದೆ. ಆದರೆ ಆ ಐದೂ ಒಂದೇ ದಿನದಲ್ಲಿ ಕೈಬಿಟ್ಟುಹೋಗುವುದು ಎರಡರಲ್ಲೂ ಒಂದೇ. ನಿಮ್ಮ ತಂದೆಯವರ ಮೊದಲಿನ ಹುರುಪು, ನಂತರದ ಕುಸಿತ, ಇದೂ ಹೊಸದಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1976ರಲ್ಲೇ ನಿವೃತ್ತಿಯ ಹಂತಗಳನ್ನು ಗುರುತಿಸಿದ್ದರು. ಮೊದಲು ಮಧುಚಂದ್ರದಂತಹ ಸಂಭ್ರಮ, ಆಮೇಲೆ ಭ್ರಮನಿರಸನ, ಆಮೇಲೆ ಹೊಸ ದಾರಿಯ ಹುಡುಕಾಟ. ಎಲ್ಲರೂ ಇದೇ ಸಾಲಿನಲ್ಲಿ ಸಾಗುತ್ತಾರೆಂದಲ್ಲ. ನಿಮ್ಮ ತಂದೆ ಎರಡನೆಯದರಲ್ಲಿ ಸಿಕ್ಕಿಕೊಂಡಂತೆ ಕಾಣುತ್ತದೆ.

ಅವರನ್ನು ‘ಏನಾದರೂ ಮಾಡಿ’ ಎಂದು ಒತ್ತಾಯಿಸಬೇಡಿ. ಆ ಐದರಲ್ಲಿ ಯಾವುದು ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿತ್ತು ಎಂದು ಮೊದಲು ಕಂಡುಕೊಳ್ಳಿ. ನನಗೆ ಮಕ್ಕಳ ಪ್ರಶ್ನೆಗಳು ಬೇಕಿದ್ದವು. ಒಂಟಿಯಾಗಿ ಕುಳಿತು ಗಣಿತದ ಒಗಟು ಬಿಡಿಸಿದರೆ ಅದು ತುಂಬುತ್ತಿರಲಿಲ್ಲ. ಈಗ ಸಂಜೆ ಹೊತ್ತು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಕೆಲವು ಮಕ್ಕಳಿಗೆ ಕಲಿಸುತ್ತೇನೆ. ನನಗೆ ಜ್ವರ ಬಂದರೆ ಆ ಮಕ್ಕಳಿಂದ ಕರೆ ಬರುತ್ತದೆ. ಹಾಗೆ ಯಾರಾದರೂ ನಮ್ಮನ್ನು ಎದುರು ನೋಡುತ್ತಿರಬೇಕು.

ನೆರಳು:

ಇಲ್ಲಿ ಎಲ್ಲರೂ ತಂದೆಯವರ ಬಗ್ಗೆಯೇ ಬರೆಯುತ್ತಿದ್ದೀರಿ. ತಾಯಿಯವರ ಬಗ್ಗೆ ನಾನು ಬರೆಯುತ್ತೇನೆ.

ಗಂಡ ನಿವೃತ್ತರಾದ ದಿನ ಹೆಂಡತಿಯ ಕೆಲಸ ಹೆಚ್ಚಾಗುತ್ತದೆ. ಹಗಲೆಲ್ಲ ಅವಳದೇ ಆಗಿದ್ದ ಮನೆಯಲ್ಲಿ ಈಗ ಇನ್ನೊಬ್ಬರು ಇರುತ್ತಾರೆ. ಗ್ಯಾಸ್ ಏಕೆ ಉರಿಯುತ್ತಿದೆ, ಈ ಡಬ್ಬಿ ಇಲ್ಲಿ ಏಕಿದೆ, ಫೋನಿನಲ್ಲಿ ಯಾರು, ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಬರುತ್ತೀ. ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಹರಡಿಹೋಗುತ್ತಿದ್ದ ಮೇಲ್ವಿಚಾರಣೆ ಒಬ್ಬಳ ಮೇಲೆ ಬಂದು ಬೀಳುತ್ತದೆ. ಜಪಾನಿನಲ್ಲಿ ವೈದ್ಯರೊಬ್ಬರು 1991ರಲ್ಲಿ ಇದಕ್ಕೆ ‘ಗಂಡ ಮನೆಯಲ್ಲಿರುವುದರಿಂದ ಬರುವ ಒತ್ತಡದ ಕಾಯಿಲೆ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಅವರ ಬಳಿ ಬಂದ ಹೆಂಗಸರಲ್ಲಿ ತಲೆನೋವು, ಹೊಟ್ಟೆಯ ಹುಣ್ಣು, ಖಿನ್ನತೆ ಕಾಣಿಸಿಕೊಂಡಿದ್ದವು. ನನಗಂತೂ ಆ ವಿಷಯ ಓದಿದಾಗ ಎದೆ ಹಗುರಾಯಿತು, ಏಕೆಂದರೆ ಇದು ನನ್ನೊಬ್ಬಳ ಸಣ್ಣತನವಲ್ಲ ಎಂದು ತಿಳಿಯಿತು.

ನಮ್ಮ ಮನೆಯಲ್ಲಿ ಕೂತು ಮಾತಾಡಿ ಕೆಲವನ್ನು ಗೊತ್ತು ಮಾಡಿಕೊಂಡೆವು. ಬೆಳಗಿನ ಹೊತ್ತು ಅಡುಗೆಮನೆ ನನ್ನದು. ವಾರದ ಸಾಮಾನು, ಬ್ಯಾಂಕು, ಬಟ್ಟೆ ಒಗೆಯುವ ಯಂತ್ರ ಪೂರ್ತಿ ಅವರದು. ‘ಸಹಾಯ ಮಾಡುತ್ತೇನೆ’ ಎಂಬ ಮಾತನ್ನು ಕೈಬಿಟ್ಟೆವು, ಏಕೆಂದರೆ ಸಹಾಯ ಎಂದರೆ ಜವಾಬ್ದಾರಿ ನನ್ನ ಮೇಲೆಯೇ ಉಳಿಯುತ್ತದೆ. ವಾರದಲ್ಲಿ ಎರಡು ದಿನ ನಾನು ನನ್ನ ಗೆಳತಿಯರ ಜೊತೆ ಹೊರಗೆ ಹೋಗುತ್ತೇನೆ, ಪ್ರಶ್ನೆಯಿಲ್ಲ.

ತಾಯಿಗೂ ಒಂದು ನಿವೃತ್ತಿ ಬೇಕು ಮಗಳೇ. ಅವರಿಗೆ ಕೊನೆಯ ಬಾರಿ ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಎಂದೂ ಕೇಳಿಕೊಳ್ಳಿ.

ಹಿರಿಮಗಳು:

ಎಲ್ಲರಿಗೂ ಕೃತಜ್ಞತೆಗಳು. ನೆರಳು ಅಮ್ಮನವರ ಬರಹವನ್ನು ನನ್ನ ತಾಯಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಮೊದಲ ಭಾಗವನ್ನು ಇನ್ನೊಮ್ಮೆ ಓದು’ ಎಂದರು.

ನಿನ್ನೆ ಅಪ್ಪನ ಜೊತೆ ಮಾತಾಡಿದೆ. ಕಪ್ಪುಹಲಗೆ ಅವರು ಹೇಳಿದಂತೆ ಕೆಲಸದ ಬಗ್ಗೆಯೇ ಕೇಳಿದೆ. ತಮ್ಮ ವಿಭಾಗದ ಹುಡುಗರು ಮೊದಲು ಸಂದೇಹ ಬಂದಾಗಲೆಲ್ಲ ಕರೆ ಮಾಡುತ್ತಿದ್ದರಂತೆ, ಹೊಸ ತಂತ್ರಾಂಶ ಬಂದ ಮೇಲೆ ಅದೂ ನಿಂತಿತಂತೆ. ಗೆಳೆಯರು ಕರೆದರೂ ಹೋಗುವುದಿಲ್ಲ, ‘ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಏನೂ ತಿಳಿಯುವುದಿಲ್ಲ’ ಎನ್ನುತ್ತಾರೆ. ಟಿವಿಯ ಧ್ವನಿ ಪಕ್ಕದ ಮನೆಗೆ ಕೇಳುವಷ್ಟಿರುತ್ತದೆ. ಹಸಿವು ಕಡಿಮೆಯಾಗಿದೆ. ಮೊನ್ನೆ ಮಾತಿನ ನಡುವೆ, ‘ನನ್ನಿಂದ ಇನ್ನು ಯಾರಿಗೇನು?’ ಎಂದರು. ಅದನ್ನು ಕೇಳಿ ನನಗೆ ಭಯವಾಯಿತು.

ದಾದಿ:

ಹಿರಿಮಗಳು ಅವರೇ, ನಾನು ಹಿರಿಯ ನಾಗರಿಕರ ವಿಭಾಗದಲ್ಲಿ ದಾದಿಯಾಗಿ ಕೆಲಸ ಮಾಡುತ್ತೇನೆ. ನೀವು ಬರೆದ ಕೊನೆಯ ಸಾಲುಗಳ ಬಗ್ಗೆ ನೇರವಾಗಿ ಹೇಳುತ್ತೇನೆ.

ಆಸಕ್ತಿ ಇಲ್ಲದಿರುವುದು, ಹಸಿವು ಮತ್ತು ನಿದ್ದೆ ಕೆಡುವುದು, ತಾನು ಯಾರಿಗೂ ಬೇಡ ಎನ್ನಿಸುವುದು ಎರಡು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ಅದನ್ನು ‘ನಿವೃತ್ತಿಯ ಬೇಸರ’ ಎಂದು ತಳ್ಳಿಹಾಕಬಾರದು. ಅದು ಖಿನ್ನತೆ ಇರಬಹುದು, ಮತ್ತು ಖಿನ್ನತೆಗೆ ಚಿಕಿತ್ಸೆ ಇದೆ. ಹಿರಿಯರು ದುಃಖವಾಗಿದೆ ಎಂದು ಹೇಳುವುದು ಅಪರೂಪ. ಮೈಕೈ ನೋವು, ನಿಶ್ಶಕ್ತಿ, ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ, ಇಲ್ಲವೇ ಸಿಡುಕುತ್ತಾರೆ. ಅವರನ್ನು ಒಬ್ಬರೇ ಇದ್ದಾಗ ಕೇಳಿ: ‘ಬದುಕೇ ಬೇಡ ಎಂದು ಅನ್ನಿಸುತ್ತದೆಯೇ ಅಪ್ಪಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ಬೇಡ. ಕೇಳುವುದರಿಂದ ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಅಂದೇ ವೈದ್ಯರನ್ನು ಕಾಣಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಎಲ್ಲದಕ್ಕೂ ನಿವೃತ್ತಿಯನ್ನೇ ದೂರಿದರೆ ಇನ್ನೊಂದು ಅಪಾಯವಿದೆ. ಥೈರಾಯ್ಡ್ ಗ್ರಂಥಿಯ ಕೊರತೆ, ವಿಟಮಿನ್ ಬಿ12 ಕೊರತೆ, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೆಲ್ಲವೂ ಮನುಷ್ಯನನ್ನು ಹೀಗೆಯೇ ಮಂಕಾಗಿಸುತ್ತವೆ. ಕಾಕತಾಳೀಯವಾಗಿ ಇದೇ ವಯಸ್ಸಿನಲ್ಲಿ ಬರುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಅರ್ಧ ಸಂದೇಹಗಳು ಬಗೆಹರಿಯುತ್ತವೆ. ಬಿಪಿ ಮಾತ್ರೆಯನ್ನು ಸರಿಯಾದ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದಾರೆಯೇ ನೋಡಿ. ಕಚೇರಿಗೆ ಹೊರಡುವ ಮೊದಲು ಎಂದು ರೂಢಿಯಾಗಿದ್ದ ಮಾತ್ರೆ, ಕಚೇರಿಯೇ ಇಲ್ಲದಾಗ ತಪ್ಪಿಹೋಗುತ್ತದೆ. ಇದನ್ನು ನಾವು ವಾರ್ಡಿನಲ್ಲಿ ಮತ್ತೆ ಮತ್ತೆ ನೋಡುತ್ತೇವೆ.

ಇನ್ನು ಕಿವಿ. ಟಿವಿಯ ಧ್ವನಿ, ಗುಂಪಿನಲ್ಲಿ ಮಾತು ತಿಳಿಯದಿರುವುದು, ಇವೆರಡೂ ಶ್ರವಣಶಕ್ತಿ ಕುಂದಿರುವ ಸ್ಪಷ್ಟ ಗುರುತುಗಳು. ಕಚೇರಿಯಲ್ಲಿ ಎದುರಿಗೆ ಒಬ್ಬರೇ ಕುಳಿತು ಮಾತಾಡುತ್ತಾರೆ, ವಿಷಯವೂ ಗೊತ್ತಿರುತ್ತದೆ, ಹೇಗೋ ನಡೆದುಹೋಗುತ್ತದೆ. ಗೆಳೆಯರ ಗುಂಪಿನಲ್ಲಿ ಅದು ನಡೆಯುವುದಿಲ್ಲ. ಆಗ ಮನುಷ್ಯ ಗುಂಪನ್ನೇ ಬಿಡುತ್ತಾನೆ. ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಶ್ರವಣದೋಷ, ಖಿನ್ನತೆ, ಸಾಮಾಜಿಕ ಒಂಟಿತನ ಮತ್ತು ದೈಹಿಕ ನಿಷ್ಕ್ರಿಯತೆ ಈ ನಾಲ್ಕೂ ಅದರಲ್ಲಿವೆ. ನಿಮ್ಮ ತಂದೆಯವರ ವಿಷಯದಲ್ಲಿ ಈ ನಾಲ್ಕೂ ಒಂದನ್ನೊಂದು ಎಳೆಯುತ್ತಿರಬಹುದು. ಕಿವಿಯ ಪರೀಕ್ಷೆಯಿಂದ ಶುರು ಮಾಡಿ.

ಕೀಲುಮೂಳೆ:

ದಾದಿ ಅವರು ಬರೆದದ್ದಕ್ಕೆ ಭೌತಚಿಕಿತ್ಸಕನಾಗಿ ಒಂದು ಮಾತು ಸೇರಿಸುತ್ತೇನೆ. ಕಚೇರಿಯ ಕೆಲಸ ಕುಳಿತು ಮಾಡುವ ಕೆಲಸ ಎಂದು ನಾವು ಭಾವಿಸುತ್ತೇವೆ. ಆದರೆ ಬಸ್ ನಿಲ್ದಾಣಕ್ಕೆ ನಡೆಯುವುದು, ಮೆಟ್ಟಿಲು ಹತ್ತುವುದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುವುದು, ಊಟಕ್ಕೆ ಎದ್ದು ಹೋಗುವುದು, ಇದೆಲ್ಲ ಲೆಕ್ಕಕ್ಕೆ ಬಾರದ ವ್ಯಾಯಾಮ. ನಿವೃತ್ತಿಯ ಮರುದಿನ ಅದು ಪೂರ್ತಿ ನಿಲ್ಲುತ್ತದೆ. ವಯಸ್ಸಾದವರ ಸ್ನಾಯು ಬಹಳ ಬೇಗ ಕರಗುತ್ತದೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿ ನಡೆಸಿದ ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಸೋಫಾ ಹಾಸಿಗೆಯಷ್ಟು ಕೆಟ್ಟದ್ದಲ್ಲ, ಆದರೆ ದಿಕ್ಕು ಅದೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಕೈಗಳಿಲ್ಲದ, ನೇರ ಬೆನ್ನಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ತಂದೆಯವರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಪೂರ್ತಿ ಎದ್ದು ನಿಲ್ಲಲಿ, ಮತ್ತೆ ಕುಳಿತುಕೊಳ್ಳಲಿ. 30 ಸೆಕೆಂಡಿನಲ್ಲಿ ಎಷ್ಟು ಬಾರಿ ಆಗುತ್ತದೆ ಎಂದು ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 60ರಿಂದ 64 ವಯಸ್ಸಿನ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ, ಬೀಳುವ ಅಪಾಯ ಹೆಚ್ಚು ಎಂದರ್ಥ. ತಾಯಿಯವರಿಗೂ ಮಾಡಿಸಿ.

ನಡಿಗೆ ಒಳ್ಳೆಯದು, ಆದರೆ ನಡಿಗೆಯೊಂದೇ ಸಾಲದು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. 60ರಿಂದಲೇ ರೂಢಿಸಿಕೊಂಡರೆ ಇನ್ನೂ ಒಳ್ಳೆಯದು. ಜನ ಎರಡನೆಯದನ್ನೂ ಮೂರನೆಯದನ್ನೂ ಮರೆತೇಬಿಡುತ್ತಾರೆ. ಎದೆನೋವು, ಉಬ್ಬಸ, ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ನೆಮ್ಮದಿ:

ಇಷ್ಟೆಲ್ಲ ಓದಿ ಒಂದು ವಿರುದ್ಧ ಮಾತು ಹೇಳಬೇಕೆನಿಸಿತು. ಕೆಲಸದಲ್ಲಿದ್ದಾಗ ಗುರಿ, ನಿವೃತ್ತರಾದ ಮೇಲೂ ಗುರಿ. ಇಷ್ಟು ನಿಮಿಷ ನಡೆಯಬೇಕು, ಇಷ್ಟು ಸಲ ಏಳಬೇಕು, ಸೇವೆ ಮಾಡಬೇಕು, ಹೊಸದನ್ನು ಕಲಿಯಬೇಕು. ಜೀವಮಾನವಿಡೀ ದುಡಿದ ಮನುಷ್ಯನಿಗೆ ಸುಮ್ಮನೆ ಕುಳಿತುಕೊಳ್ಳುವ ಹಕ್ಕಿಲ್ಲವೇ? ನಾನು ನಿವೃತ್ತಳಾಗಿ ಬಹಳ ಕಾಲವಾಯಿತು. ಬೆಳಿಗ್ಗೆ ನಿಧಾನವಾಗಿ ಏಳುತ್ತೇನೆ, ಅಂಗಳದಲ್ಲಿ ಕುಳಿತು ಮರ ನೋಡುತ್ತೇನೆ, ಇಷ್ಟವಾದುದನ್ನು ಓದುತ್ತೇನೆ. ಯಾವ ಸಂಘಕ್ಕೂ ಸೇರಿಲ್ಲ, ಸೇರುವ ಆಸೆಯೂ ಇಲ್ಲ. ನನ್ನ ಮಕ್ಕಳು ನನ್ನನ್ನು ‘ಚಟುವಟಿಕೆ’ಯಲ್ಲಿ ತೊಡಗಿಸಲು ಪಟ್ಟ ಪಾಡು ನನಗೇ ಸಾಕಾಗಿತ್ತು. ಎಲ್ಲರ ಸ್ವಭಾವವೂ ಒಂದೇ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ದಾದಿ:

ನೆಮ್ಮದಿ ಅಕ್ಕ, ನಿಮ್ಮ ಮಾತು ನಮಗೆ ಬೇಕಿತ್ತು. ವಿಶ್ರಾಂತಿಗೂ ಹಿಂದೆ ಸರಿಯುವುದಕ್ಕೂ ವ್ಯತ್ಯಾಸವನ್ನು ನಾವು ಹೀಗೆ ನೋಡುತ್ತೇವೆ: ನೀವು ಮರ ನೋಡುತ್ತೀರಿ, ಓದುತ್ತೀರಿ, ಅದರಲ್ಲಿ ಸುಖವಿದೆ, ಸ್ನಾನ, ಊಟ, ನಿದ್ದೆ ಹೊತ್ತಿಗೆ ನಡೆಯುತ್ತವೆ. ಹಿಂದೆ ಸರಿದವರಿಗೆ ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಖುಷಿ ಕೊಡುವುದಿಲ್ಲ. ಟಿವಿ ಹಾಕಿರುತ್ತದೆ, ಅವರು ನೋಡುತ್ತಿರುವುದಿಲ್ಲ. ಮೊದಲನೆಯವರನ್ನು ಅವರ ಪಾಡಿಗೆ ಬಿಡಬೇಕು. ಎರಡನೆಯವರನ್ನು ಬಿಡಬಾರದು.

ಮುಚ್ಚಿದ ಬಾಗಿಲು:

ನಾನು ನಿವೃತ್ತನಾದದ್ದಲ್ಲ, ನನ್ನನ್ನು ನಿವೃತ್ತಗೊಳಿಸಿದ್ದು. ಸಂಸ್ಥೆ ಸಿಬ್ಬಂದಿಯನ್ನು ಕಡಿತಗೊಳಿಸಿದಾಗ 57 ದಾಟಿದವರ ಪಟ್ಟಿ ಮೊದಲು ಹೊರಬಂತು. ಮೇಲಿನ ಚರ್ಚೆಯಲ್ಲಿ ಒಂದು ಅಂಶ ಸಾಕಷ್ಟು ಬಂದಿಲ್ಲ, ಅದು ಆಯ್ಕೆ. ಸ್ವಂತ ಇಚ್ಛೆಯಿಂದ, ತಯಾರಾಗಿ ಕೆಲಸ ಬಿಟ್ಟವನಿಗೂ ಒಂದು ಪತ್ರ ಹಿಡಿದು ಮನೆಗೆ ಬಂದವನಿಗೂ ಒಂದೇ ಹೆಸರು ಕೊಡುವುದು ಸರಿಯಲ್ಲ. ನನ್ನದು ಸಾವಿನ ಮನೆಯ ದುಃಖದಂತೆಯೇ ಇತ್ತು, ಆದರೆ ಸಾಂತ್ವನ ಹೇಳಲು ಯಾರೂ ಬರಲಿಲ್ಲ. ಎಲ್ಲರೂ ‘ಇನ್ನೇನು, ಆರಾಮ’ ಎಂದರು.

ಇನ್ನೊಂದು ಹಣ. ಒಟ್ಟಿಗೆ ಬಂದ ಮೊತ್ತ ದೊಡ್ಡದಾಗಿ ಕಾಣುತ್ತದೆ, ತಿಂಗಳ ಕೊನೆಗೆ ಬರುತ್ತಿದ್ದ ಸಂಬಳದ ಧೈರ್ಯ ಅದರಲ್ಲಿ ಇರುವುದಿಲ್ಲ. ಪ್ರತಿ ಖರ್ಚಿನಲ್ಲೂ ಬುಡ ಕರಗುತ್ತಿದೆ ಎನ್ನಿಸುತ್ತದೆ. ರಾತ್ರಿ ನಿದ್ದೆ ಬಾರದಿದ್ದದ್ದು ಅದಕ್ಕೇ. ಆ ಮೊತ್ತದ ಒಂದು ಭಾಗವನ್ನು ತಿಂಗಳು ತಿಂಗಳು ಖಾತೆಗೆ ಬರುವಂತೆ ಮಾಡಿಕೊಂಡ ಮೇಲೆ ಎದೆಬಡಿತ ಇಳಿಯಿತು. ಹಿರಿಮಗಳು ಅವರೇ, ತಂದೆಯವರಿಗೆ ಹೇಳಿಕೊಳ್ಳದ ಹಣದ ಚಿಂತೆ ಇದೆಯೇ ಎಂದು ಮೆಲ್ಲಗೆ ವಿಚಾರಿಸಿ. ಲೆಕ್ಕಪತ್ರ ನೋಡಿದವರಿಗೆ ಅದು ಇನ್ನೂ ಹೆಚ್ಚು ಬಾಧಿಸುತ್ತದೆ.

ಅಂಕಿಅಂಶ:

ಮುಚ್ಚಿದ ಬಾಗಿಲು ಅವರು ಹೇಳಿದ ಆಯ್ಕೆಯ ಅಂಶ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಲವಂತದಿಂದ ಬಿಟ್ಟವರ ಮಾನಸಿಕ ಆರೋಗ್ಯವೇ ಹೆಚ್ಚು ಕೆಡುತ್ತದೆ. ಅಂದಹಾಗೆ 60, 65 ಎಂಬ ವಯಸ್ಸುಗಳು ದೇಹದ ಲೆಕ್ಕದಿಂದ ಬಂದವಲ್ಲ. ಜರ್ಮನಿಯಲ್ಲಿ ಚಾನ್ಸೆಲರ್ ಬಿಸ್ಮಾರ್ಕ್ ಕಾಲದ 1889ರ ಪಿಂಚಣಿ ಕಾನೂನು 70ಕ್ಕೆ ಗೆರೆ ಎಳೆದಿತ್ತು, 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಅದು ಆಡಳಿತದ ಗೆರೆ ಮಾತ್ರ.

ನೆನಪಿನ ಶಕ್ತಿಯ ಬಗ್ಗೆ ನೇರ ಸಂದೇಶದಲ್ಲಿ ಇಬ್ಬರು ಕೇಳಿದ್ದೀರಿ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ‘ವೈಟ್‌ಹಾಲ್ 2’ ಅಧ್ಯಯನದ 2018ರ ವಿಶ್ಲೇಷಣೆಯಲ್ಲಿ, ಪದಗಳನ್ನು ನೆನಪಿಡುವ ಶಕ್ತಿ ನಿವೃತ್ತಿಗೆ ಮುಂಚಿಗಿಂತ ನಿವೃತ್ತಿಯ ನಂತರ 38% ವೇಗವಾಗಿ ಕುಂದಿತ್ತು. ತರ್ಕಶಕ್ತಿಯಂತಹ ಬೇರೆ ಸಾಮರ್ಥ್ಯಗಳಲ್ಲಿ ಹಾಗಾಗಲಿಲ್ಲ. ಬಳಸದ್ದು ಕುಂದುತ್ತದೆ ಎಂದು ಇದನ್ನು ಓದಬಹುದು, ಆದರೆ ಒಗಟು ಬಿಡಿಸುತ್ತಾ ಕುಳಿತರೆ ಸಾಕು ಎಂದಲ್ಲ. ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅಮೆರಿಕದ ಬಾಲ್ಟಿಮೋರ್ ನಗರದ ‘ಎಕ್ಸ್‌ಪೀರಿಯನ್ಸ್ ಕೋರ್’ ಪ್ರಯೋಗ. 60 ದಾಟಿದವರು ವಾರಕ್ಕೆ ಸುಮಾರು 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದಲು ನೆರವಾದರು. ಎರಡು ವರ್ಷದ ನಂತರ ನೋಡಿದಾಗ, ನೆನಪಿಗೆ ಸಂಬಂಧಿಸಿದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗ ಆ ಗುಂಪಿನ ಗಂಡಸರಲ್ಲಿ ಕುಗ್ಗುವ ಬದಲು ಕೊಂಚ ಹಿಗ್ಗಿತ್ತು. ನಡಿಗೆ, ಮೆಟ್ಟಿಲು, ಜನ, ಯೋಚನೆ, ಜವಾಬ್ದಾರಿ ಎಲ್ಲವೂ ಒಂದೇ ಕೆಲಸದಲ್ಲಿ ಸಿಕ್ಕಿದ್ದವು. ಕಪ್ಪುಹಲಗೆ ಅವರ ಸಂಜೆಯ ಪಾಠ ಇದೇ ಅಲ್ಲವೇ?

ಮೂರು ವರ್ಷ ಬಾಕಿ:

ನನಗೆ ಇನ್ನು ಮೂರು ವರ್ಷ ಸೇವೆ ಇದೆ. ಈಗಲೇ ಮಾಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಪಾಳಿಗಾರ:

ಇದೆ ತಮ್ಮಾ. ಕೆಲಸದಾಚೆಗೆ ಇಬ್ಬರು ಮೂವರು ಗೆಳೆಯರನ್ನು ಈಗಲೇ ಮಾಡಿಕೊಳ್ಳಿ. ಕಾರ್ಖಾನೆಯ ಗೆಳೆತನ ಕಾರ್ಖಾನೆಯ ಗೇಟಿನ ತನಕ ಮಾತ್ರ ಬರುತ್ತದೆ, ಎಲ್ಲೋ ಒಬ್ಬಿಬ್ಬರು ಮನೆತನಕ ಬರುತ್ತಾರೆ. ಸಾಧ್ಯವಿದ್ದರೆ ಒಮ್ಮೆಗೇ ಬಿಡಬೇಡಿ. ನನಗೆ ಕೊನೆಯ ವರ್ಷ ಹೊಸ ಹುಡುಗರಿಗೆ ಕಲಿಸುವ ಕೆಲಸ ಕೊಟ್ಟಿದ್ದರು, ರಾತ್ರಿ ಪಾಳಿ ಇರಲಿಲ್ಲ. ಆ ಒಂದು ವರ್ಷ ನನ್ನನ್ನು ಮನೆಗೆ ಒಗ್ಗಿಸಿತು. ಹಲ್ಲು, ಕಣ್ಣು, ಮಂಡಿ ಇವುಗಳ ರಿಪೇರಿಯನ್ನು ಸಂಸ್ಥೆಯ ವಿಮೆ ಇರುವಾಗಲೇ ಮುಗಿಸಿಕೊಳ್ಳಿ. ಮತ್ತೆ, ಮನೆಯವರ ಜೊತೆ ಕುಳಿತು ನಿವೃತ್ತಿಯಾದ ಮೇಲೆ ಒಂದು ಸಾಮಾನ್ಯ ದಿನ ಹೇಗಿರಬೇಕು ಎಂದು ಮಾತಾಡಿ. ಪ್ರವಾಸದ ಮಾತಲ್ಲ, ಸಾಮಾನ್ಯ ದಿನದ ಮಾತು.

ಹಿರಿಮಗಳು:

ವೈದ್ಯರ ಭೇಟಿ ಗೊತ್ತಾಗಿದೆ, ಅಪ್ಪ ಅಮ್ಮ ಇಬ್ಬರಿಗೂ. ದಾದಿ ಅವರು ಹೇಳಿದ ಪ್ರಶ್ನೆಯನ್ನು ಕೇಳಿದೆ. ‘ಹಾಗೇನಿಲ್ಲ ಮಗಳೇ, ಬೇಸರ ಅಷ್ಟೆ’ ಎಂದರು, ಆಮೇಲೆ ಬಹಳ ಹೊತ್ತು ಮಾತಾಡಿದರು. ಹಣದ ಚಿಂತೆಯೂ ಇತ್ತು, ಅಮ್ಮನಿಗೂ ಹೇಳಿರಲಿಲ್ಲ. ಆದರೆ ಕಿವಿಯ ಪರೀಕ್ಷೆ ಎಂದ ಕೂಡಲೇ ಮುಖ ತಿರುಗಿಸಿಬಿಟ್ಟರು. ‘ನಾನೇನು ಕಿವುಡನೇ?’ ಎಂದರು. ಮನಸ್ಸು ನೋಯಿಸದೆ ಒಪ್ಪಿಸುವುದು ಹೇಗೆ?

ದಾದಿ:

ಅವರು ಮಾತಾಡಿದ್ದು ಬಹಳ ಒಳ್ಳೆಯದಾಯಿತು. ವೈದ್ಯರ ಬಳಿ ಇದನ್ನೂ ಹೇಳಿ, ‘ಬೇಸರ ಅಷ್ಟೆ’ ಎಂಬುದನ್ನು ಅವರೇ ಅಳೆಯಲಿ.

ಕಿವಿಯ ವಿಷಯಕ್ಕೆ ‘ನಿಮಗೆ ಕೇಳಿಸುವುದಿಲ್ಲ’ ಎಂಬ ಮಾತನ್ನು ಬಿಟ್ಟುಬಿಡಿ. ‘ಗೆಳೆಯರ ಮಾತು ಸ್ಪಷ್ಟವಾಗುತ್ತಿಲ್ಲ ಎಂದಿರಲ್ಲ, ಅದು ಏಕೆಂದು ನೋಡಿಸೋಣ’ ಎನ್ನಿ. ಎಷ್ಟೋ ಜನರಿಗೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ಮಾತ್ರ ಇರುತ್ತದೆ, ತೆಗೆದರೆ ಮುಗಿಯಿತು. ಅದನ್ನೂ ಹೇಳಿ, ಅವರಿಗೆ ಒಪ್ಪಿಕೊಳ್ಳಲು ಸುಲಭವಾಗುತ್ತದೆ. ತಾಯಿಯವರೂ ಜೊತೆಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲಿ. ಪರೀಕ್ಷೆಯ ಫಲಿತಾಂಶ ಒಂದು ನಕ್ಷೆಯಾಗಿ ಬರುತ್ತದೆ. ತಂದೆಯವರು ಅಂಕಿಗಳ ಮನುಷ್ಯರಾದ್ದರಿಂದ ಅದನ್ನು ಅವರ ಕೈಗೇ ಕೊಟ್ಟು ವಿವರಿಸುವಂತೆ ಶ್ರವಣತಜ್ಞರನ್ನು ಕೇಳಿಕೊಳ್ಳಿ. ವಯಸ್ಸಿನ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಹಾಗಾಗಿ ಮಾತು ಕೇಳಿಸುತ್ತದೆ, ಆದರೆ ‘ಸ’, ‘ತ’, ‘ಪ’ ಬೇರೆ ಬೇರೆಯಾಗಿ ತಿಳಿಯುವುದಿಲ್ಲ. ಇದನ್ನು ನಕ್ಷೆಯಲ್ಲಿ ಕಂಡರೆ ‘ನಾನು ಕಿವುಡನಲ್ಲ’ ಎಂಬ ಅವರ ಮಾತೂ ಒಂದು ರೀತಿಯಲ್ಲಿ ಸರಿ ಎಂದು ಅವರಿಗೇ ತಿಳಿಯುತ್ತದೆ.

ಶ್ರವಣ ಸಾಧನ ಬೇಕೆಂದಾದರೆ ಕೊಳ್ಳುವ ಮೊದಲು ಕೆಲವು ದಿನ ಹಾಕಿಕೊಂಡು ನೋಡಲು ಕೊಡುತ್ತಾರೆಯೇ ವಿಚಾರಿಸಿ. ಮೊದಲ ವಾರಗಳಲ್ಲಿ ತಟ್ಟೆ ಲೋಟದ ಸದ್ದು, ಫ್ಯಾನಿನ ಸದ್ದು ಎಲ್ಲವೂ ಕರ್ಕಶವಾಗಿರುತ್ತದೆ. ಅನೇಕರು ಆಗಲೇ ತೆಗೆದು ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ. ದಿನಕ್ಕೆ ಒಂದೆರಡು ಗಂಟೆ, ಮನೆಯ ಒಳಗೆ, ಒಬ್ಬರ ಜೊತೆ ಮಾತಾಡುವುದರಿಂದ ಶುರು ಮಾಡಿ. ಗೆಳೆಯರ ಗುಂಪಿಗೆ ಆಮೇಲೆ ಹೋಗಲಿ. ಅದಕ್ಕೂ ಮೊದಲು ಒಬ್ಬಿಬ್ಬರು ಗೆಳೆಯರನ್ನು ಮನೆಗೇ ಕರೆಯಿರಿ, ಅವರು ಬಂದಾಗ ಟಿವಿ ಆರಿಸಿಡಿ.